ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಹಾಲು ಬಿಡಬೇಕೆ?

ವರದಿಯಲ್ಲಿ ಕ್ಯಾಲ್ಸಿಯಂ ಸ್ವಲ್ಪ ಹೆಚ್ಚು ಬಂದೊಡನೆ ಅನೇಕರು ಹಾಲು, ಮೊಸರು, ರಾಗಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾರಣವೇನು?
ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕದಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಸಾಮಾನ್ಯವಾಗಿ ಇವುಗಳಲ್ಲಿ ಒಂದು ದಪ್ಪಗಾಗಿ ಪಿ.ಟಿ.ಎಚ್. ಎಂಬ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತದೆ. ಆಗ ಎಲುಬಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಇದು ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ಹಾಲು ಬಿಟ್ಟರೆ ಹಾರ್ಮೋನು ಇನ್ನಷ್ಟು ಹೆಚ್ಚಿ ಎಲುಬಿಗೇ ನಷ್ಟ.

ಪತ್ತೆ ಹೇಗೆ?
ಕ್ಯಾಲ್ಸಿಯಂ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಜೊತೆಗೆ ಪಿ.ಟಿ.ಎಚ್., ವಿಟಮಿನ್ ಡಿ, ಕ್ರಿಯಾಟಿನಿನ್ ನೋಡುತ್ತಾರೆ. ಕ್ಯಾಲ್ಸಿಯಂ ಏರಿದಾಗ ಪಿ.ಟಿ.ಎಚ್. ಇಳಿಯಬೇಕು. ಇಳಿಯದಿದ್ದರೆ ಈ ಕಾಯಿಲೆಯ ಸಂಶಯ ಬರುತ್ತದೆ. 24 ಗಂಟೆಯ ಮೂತ್ರ ಪರೀಕ್ಷೆ, ಎಲುಬಿನ ಡೆಕ್ಸಾ ಸ್ಕ್ಯಾನ್, ಕಿಡ್ನಿ ಸ್ಕ್ಯಾನ್ ಕೂಡ ಬೇಕಾಗುತ್ತವೆ.

ಆಪರೇಷನ್ ಯಾರಿಗೆ?
• ವಯಸ್ಸು 50ಕ್ಕಿಂತ ಕಡಿಮೆ ಇದ್ದವರಿಗೆ
• ಕಿಡ್ನಿಯಲ್ಲಿ ಕಲ್ಲು ಅಥವಾ ಕಿಡ್ನಿ ದುರ್ಬಲವಿದ್ದವರಿಗೆ
• ಎಲುಬು ಸವೆದವರಿಗೆ, ಬೆನ್ನೆಲುಬು ಮುರಿದವರಿಗೆ
• ಕ್ಯಾಲ್ಸಿಯಂ ಮೇಲ್ಮಿತಿಗಿಂತ 1 ಮಿ.ಗ್ರಾಂ.ಗೂ ಹೆಚ್ಚಿದ್ದವರಿಗೆ

ಉಳಿದವರು ವರ್ಷಕ್ಕೊಮ್ಮೆ ರಕ್ತ, ಒಂದೆರಡು ವರ್ಷಕ್ಕೊಮ್ಮೆ ಎಲುಬಿನ ಪರೀಕ್ಷೆ ಮಾಡಿಸಿದರೆ ಸಾಕು. ಆದರೆ ನೋವಿಲ್ಲವೆಂದು ತಪ್ಪಿಸಬೇಡಿ. ಎಲುಬು ಸದ್ದಿಲ್ಲದೆ ಸವೆಯುತ್ತದೆ.

ಮನೆಯವರ ಗಮನಕ್ಕೆ
ರೋಗಿ ಸಾಕಷ್ಟು ನೀರು ಕುಡಿಯಲಿ, ದಿನಾಲು ನಡೆದಾಡಲಿ. ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆ ಕೊಡಬೇಡಿ. ಬಿ.ಪಿ. ಗುಳಿಗೆ ಸೇರಿದಂತೆ ಈಗ ನುಂಗುತ್ತಿರುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತೋರಿಸಿ. ವಾಂತಿ, ಭೇದಿ ನಿಲ್ಲದಿದ್ದರೆ ಅಥವಾ ರೋಗಿ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.