ಸ್ಪ್ರಿಂಗ್ ಕತ್ತರಿಸಿದರೆ ಕಾರು ಟ್ರ್ಯಾಕಿಗೆ ಸಿದ್ಧವೇ?

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ಕಡೆ ಕಬ್ಬು ಹೇರುವ ಎತ್ತಿನ ಗಾಡಿಯನ್ನು ನೋಡಿದ್ದೀರಲ್ಲ? ಅದಕ್ಕೆ ಸ್ಪ್ರಿಂಗ್ ಇಲ್ಲ. ಹಳ್ಳಕ್ಕೆ ಚಕ್ರ ಬಿದ್ದರೆ ಇಡೀ ಗಾಡಿಯೇ ಎಗರುತ್ತದೆ. ಕಾರಿನಲ್ಲಿ ಹಾಗಾಗದಂತೆ ಕಾಯುವುದು ಸಸ್ಪೆನ್ಷನ್. ಕೂತವರ ಸುಖ ಅದರ ಅರ್ಧ ಕೆಲಸವಷ್ಟೇ. ಟೈರು ನೆಲ ಬಿಡದಂತೆ ಹಿಡಿದಿಡುವುದು ಉಳಿದರ್ಧ.

ಈಗ ಕಾಲೇಜು ಹುಡುಗರ ಬಾಯಲ್ಲಿ ‘ಟ್ರ್ಯಾಕ್ ಡೇ’ ಮಾತು. ಇದು ರೇಸಲ್ಲ, ಶುಲ್ಕ ಕಟ್ಟಿ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ ಇರುಂಗಾಟ್ಟುಕೋಟ್ಟೈಯಲ್ಲಿ 1990ರಲ್ಲಿ ಆರಂಭವಾದ, ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್ ಇದೆ. ಅಲ್ಲಿಗೆ ಹೊರಡುವ ಮುನ್ನ ಹುಡುಗರು ಮೊದಲು ಕೈಹಾಕುವುದು ಸ್ಪ್ರಿಂಗಿಗೆ. ಒಂದು ಸುತ್ತು ಕತ್ತರಿಸಿದರೆ ಕಾರು ತಗ್ಗುತ್ತದೆ, ನೋಡಲು ಚೆಂದ!

ಚೆಂದವೇನೋ ಸರಿ. ಆದರೆ ಸುತ್ತು ಕಡಿಮೆಯಾದ ಸ್ಪ್ರಿಂಗ್ ಗಡುಸಾಗುತ್ತದೆ. ಅದರ ಕುಣಿತವನ್ನು ತಡೆಯುವುದು ಡ್ಯಾಂಪರ್, ನಾವು ಶಾಕ್ ಅಬ್ಸಾರ್ಬರ್ ಎನ್ನುವ ಕೊಳವೆ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ, ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಹಳೆಯ ಸ್ಪ್ರಿಂಗಿಗೆ ಅಳೆದು ಮಾಡಿದ ಡ್ಯಾಂಪರು ಗಡುಸು ಸ್ಪ್ರಿಂಗನ್ನು ಹಿಡಿಯಲಾರದು. ತಿರುವಿನ ಉಬ್ಬಿನಲ್ಲಿ ಟೈರು ಕುಪ್ಪಳಿಸುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಸ್ಪ್ರಿಂಗ್, ಡ್ಯಾಂಪರ್ ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು.

ಅದಕ್ಕೂ ಮೊದಲು ಟೈರು, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಸವೆದ ರಬ್ಬರ್ ಬುಷ್‌ಗಳನ್ನು ನೋಡಿ. ಆಮೇಲೆ ಚಕ್ರಗಳ ಅಲೈನ್‌ಮೆಂಟ್. ಹೊಸಬನಿಗೆ ಇಷ್ಟು ಧಾರಾಳ ಸಾಕು. ಎತ್ತರ, ಬಿಗಿ ಎಲ್ಲವನ್ನೂ ತಿರುಗಿಸಿ ಹೊಂದಿಸುವ ದುಬಾರಿ ‘ಕಾಯಿಲೋವರ್’ ಕಿಟ್ಟು ಹೊಂದಿಸಲು ಬಾರದವನ ಕೈಯಲ್ಲಿ ಕಾರನ್ನು ಕೆಡಿಸುವುದೇ ಹೆಚ್ಚು.

ಅಪ್ಪ ಅಮ್ಮಂದಿರು ದುಡ್ಡು ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿ: ‘ಇದೇ ಕಾರಿನಲ್ಲಿ ಹಬ್ಬಕ್ಕೆ ಊರಿಗೂ ಬರುತ್ತೀಯಾ?’ ಹೌದಾದರೆ ತೀರಾ ತಗ್ಗಿಸುವ ಹಾಗಿಲ್ಲ. ಹಳ್ಳಿ ರಸ್ತೆಯ ಉಬ್ಬುಗಳು ಕಾರಿನ ಹೊಟ್ಟೆ ಕೆರೆಯುತ್ತವೆ. ಕಾನೂನೂ ಇದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ರೇಸು, ವೇಗ ಪರೀಕ್ಷೆಯಲ್ಲಾದ ನಷ್ಟಕ್ಕೆ ಸಾಮಾನ್ಯ ವಿಮೆ ಪರಿಹಾರ ಕೊಡುವುದಿಲ್ಲ. ಪಾಲಿಸಿಯ ಸಣ್ಣಕ್ಷರಗಳನ್ನು ಮನೆಯಲ್ಲೇ ಕೂತು ಓದಿ.

ಟ್ರ್ಯಾಕಿಗಾಗಿ ಬಿಡಿಭಾಗ ಬದಲಿಸಿದರೆ, ಬಿಚ್ಚಿದ ಹಳೆಯ ಸ್ಪ್ರಿಂಗು ಡ್ಯಾಂಪರುಗಳನ್ನು ಗುಜರಿಗೆ ಹಾಕಬೇಡಿ. ರಸ್ತೆಗಿಳಿಯುವ ಮುನ್ನ ಅವನ್ನೇ ಮತ್ತೆ ಕೂರಿಸಬೇಕಾಗುತ್ತದೆ.