ಚೈನು ತಮಟೆ ಬಾರಿಸುತ್ತಿದೆಯೇ?

ನಮ್ಮ ಸಿಂಧಘಟ್ಟದಿಂದ ಕೆ.ಆರ್. ಪೇಟೆಯ ಕಾಲೇಜಿಗೋ, ಪರೀಕ್ಷೆಗೆ ಓದಲು ಲೈಬ್ರರಿಗೋ ಹೋಗುವ ಹುಡುಗರ ಕೈಯಲ್ಲಿ ಈಗ ದಪ್ಪ ಟೈರಿನ ಗೇರ್ ಸೈಕಲ್‌ಗಳು ಕಾಣುತ್ತವೆ. ಭಾನುವಾರ ಬಂದರೆ ಅದೇ ಸೈಕಲ್ಲು ಮೇಲುಕೋಟೆ ಬೆಟ್ಟಕ್ಕೂ ಸೈ. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುವ ಈ ಸೈಕಲ್, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಹಳ್ಳಬಿದ್ದ ಮಣ್ಣುದಾರಿಗೆ ಇಳಿದ ಕೂಡಲೇ ‘ಟಕ ಟಕ ಟಕ’ ಎಂದು ತಮಟೆ ಬಾರಿಸಲು ಶುರುಮಾಡುತ್ತದೆ.

‘ಸೆಕೆಂಡ್ ಹ್ಯಾಂಡ್ ಸೈಕಲ್ ಅಲ್ವಾ, ಸದ್ದು ಮಾಡದೆ ಇರುತ್ತಾ?’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಆ ಸದ್ದಿಗೆ ಒಂದು ಜಾಗವಿದೆ. ಪೆಡಲಿನ ಬುಡದಿಂದ ಹಿಂಚಕ್ರದ ಅಚ್ಚಿನವರೆಗೆ ಬಲಗಡೆ ಒಂದು ಕೊಳವೆ ಹೋಗುತ್ತದಲ್ಲ, ಅದು ಚೈನ್ ಸ್ಟೇ. ಚೈನು ಮೇಲೆ ಕೆಳಗೆ ಕುಣಿದು ಅದಕ್ಕೆ ಬಡಿಯುವುದನ್ನೇ ‘ಚೈನ್ ಸ್ಲ್ಯಾಪ್’ ಎನ್ನುತ್ತಾರೆ. ಬಗ್ಗಿ ನೋಡಿ. ಅಲ್ಲಿ ಬಣ್ಣ ಎದ್ದು ಲೋಹ ಕಾಣುತ್ತಿರಬಹುದು. ಕಬ್ಬಿಣದ ಫ್ರೇಮ್ ಆದರೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ಅಲ್ಯೂಮಿನಿಯಂ ಆದರೆ ಗೀರು, ನೆಗ್ಗು. ನಾಳೆ ಮಾರಲು ಹೋದರೆ ಕೊಳ್ಳುವವನ ಕಣ್ಣು ಹೋಗುವುದೂ ಅಲ್ಲಿಗೇ!

ಚೈನು ಕುಣಿಯುವುದೇಕೆ?

ಎಂಟನೇ ತರಗತಿಯಲ್ಲಿ ಸರ್ಕಾರ ಕೊಡುತ್ತಿದ್ದ ಸೈಕಲ್ ನೆನಪಿದೆಯೇ? ಅದಕ್ಕೆ ಗೇರಿಲ್ಲ. ಚೈನು ಸಡಿಲವಾದರೆ ಹಿಂಚಕ್ರವನ್ನು ತುಸು ಹಿಂದಕ್ಕೆಳೆದು ನಟ್ಟು ಬಿಗಿದರೆ ಮುಗಿಯಿತು. ಗೇರ್ ಸೈಕಲ್ಲಿನಲ್ಲಿ ಹಾಗಲ್ಲ. ದೊಡ್ಡ ಹಲ್ಲುಚಕ್ರಕ್ಕೂ ಚಿಕ್ಕ ಹಲ್ಲುಚಕ್ರಕ್ಕೂ ಒಂದೇ ಚೈನು ಸಾಲಬೇಕು, ಅದಕ್ಕೇ ಹೆಚ್ಚು ಉದ್ದ. ಉಳಿದ ಸಡಿಲನ್ನು ಎಳೆದು ಹಿಡಿಯುವುದು ಹಿಂದೆ ನೇತಾಡುವ ಡಿರೇಲರ್‌ನ ಸ್ಪ್ರಿಂಗ್. ಹಳ್ಳಕ್ಕೆ ಬಿದ್ದಾಗ ಆ ಸ್ಪ್ರಿಂಗೇ ಹಿಂದೆ ಮುಂದೆ ತೂಗುತ್ತದೆ, ಚೈನು ಕುಣಿಯುತ್ತದೆ.

ಇದನ್ನು ತಡೆಯಲೆಂದೇ ಶಿಮಾನೊ 2011ರಲ್ಲಿ ಡಿರೇಲರ್‌ನೊಳಗೆ ಕ್ಲಚ್ ಇಟ್ಟಿತು, ಮರುವರ್ಷ ಸ್ರ್ಯಾಮ್ ಕೂಡ ತನ್ನದೇ ಕ್ಲಚ್ ತಂದಿತು. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಹಾಗೆಂದು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಹಳೇ ಟ್ಯೂಬಿನ ರಕ್ಷೆ

ಪಂಚರ್ ಅಂಗಡಿಯಲ್ಲಿ ಬಿಸಾಡುವ ಸೈಕಲ್ ಟ್ಯೂಬ್ ಕೇಳಿ ತನ್ನಿ. ಜತೆಗೆ ಎರಡು ಕೇಬಲ್ ಟೈ.

* ಚೈನ್ ಸ್ಟೇ ಮೇಲಿನ ಎಣ್ಣೆ, ಮಣ್ಣು ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ.
* ಟ್ಯೂಬನ್ನು ಉದ್ದಕ್ಕೆ ಸೀಳಿ, ಪಟ್ಟಿ ಮಾಡಿ. ಒಂದು ತುದಿಯನ್ನು ಕೇಬಲ್ ಟೈನಿಂದ ಕಟ್ಟಿ, ಎಳೆದೆಳೆದು ಸುತ್ತಿ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಲಿ.
* ಗೇರ್ ಕೇಬಲ್ ಆ ಕೊಳವೆಯ ಮೇಲೆ ಬರಿದಾಗಿ ಹೋಗಿದ್ದರೆ ಅದನ್ನು ಒಳಗೆ ಸೇರಿಸಿ ಸುತ್ತಬೇಡಿ. ಗೇರ್ ಬೀಳುವುದಿಲ್ಲ. ಅಂಥಲ್ಲಿ ಚೈನು ತಾಗುವ ಭಾಗಕ್ಕಷ್ಟೇ ರಬ್ಬರ್ ತುಂಡು ಅಂಟಿಸಿ.
* ಕೊನೆಯಲ್ಲಿ ಇನ್ನೊಂದು ಟೈ ಬಿಗಿದು, ಬಾಲ ಕತ್ತರಿಸಿ. ಪೆಡಲ್ ತಿರುಗಿಸಿ ನೋಡಿ. ಟೈರಿಗಾಗಲಿ, ಚೈನಿಗಾಗಲಿ ರಬ್ಬರ್ ತಾಗಬಾರದು.

ಹ್ಯಾಂಡಲ್ ತಿರುಗಿಸಿದಾಗ ಬ್ರೇಕ್, ಗೇರ್ ಕೇಬಲ್‌ಗಳು ಫ್ರೇಮಿನ ಮುಂಭಾಗಕ್ಕೆ ಉಜ್ಜುತ್ತವೆ. ಉಳಿದ ಟ್ಯೂಬಿನ ಚೂರು ಅಲ್ಲಿಗೂ ಆಗುತ್ತದೆ.

ಸದ್ದು ಮುಚ್ಚಿದರಷ್ಟೇ ಸಾಲದು

ರಬ್ಬರ್ ಪೆಟ್ಟು ತಡೆಯುತ್ತದೆ, ಕುಣಿತ ನಿಲ್ಲಿಸುವುದಿಲ್ಲ. ಡಿರೇಲರ್‌ನ ಕೆಳತೋಳನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ ಬಿಡಿ. ಪಟ್ಟನೆ ಹಿಂದಕ್ಕೆ ಬರದಿದ್ದರೆ ತೊಳೆದು ಎಣ್ಣೆ ಬಿಡಿ, ಆಗಲೂ ಸೋಮಾರಿಯಾಗಿದ್ದರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಚೈನಿನ ಒಂದು ಪಿನ್ನಿನ ಮಧ್ಯದಿಂದ 12 ಇಂಚು ಅಳೆಯಿರಿ. ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯಕ್ಕೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸುವ ಕಾಲ. ಎಂಟನೇ ಒಂದು ಭಾಗ ಆಗುವವರೆಗೆ ಕಾದರೆ ಹಲ್ಲುಚಕ್ರಗಳನ್ನೂ ಬದಲಿಸಬೇಕಾಗಬಹುದು.

ಇಳಿಜಾರಿಗೆ ಮುಂಚೆ ಮುಂದಿನ ದೊಡ್ಡ ಚಕ್ರಕ್ಕೆ, ಹಿಂದಿನ ನಡುವಿನ ಗೇರಿಗೆ ಚೈನು ಹಾಕಿಕೊಳ್ಳಿ. ಚೈನು ಬಿಗಿಯಾಗಿ ನಿಂತು ಕುಣಿತ ತಗ್ಗುತ್ತದೆ. ಈ ಉಪಾಯಕ್ಕೆ ಬಿಡಿಗಾಸೂ ಖರ್ಚಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಸುತ್ತುವ ಮುನ್ನ ಬೆಸುಗೆಯ ಜಾಗಗಳನ್ನು ಬೆಳಕಿನಲ್ಲಿ ನೋಡಿ. ಬಣ್ಣದ ಗೀರಿಗೆ ಉಗುರುಬಣ್ಣ ಹಚ್ಚಿದರೂ ನಡೆಯುತ್ತದೆ. ಆದರೆ ಕೂದಲೆಳೆಯಷ್ಟು ಬಿರುಕು ಕಂಡರೂ ಮುಚ್ಚಬೇಡಿ, ಹತ್ತಲೂ ಬೇಡಿ, ತಿಳಿದವರಿಗೆ ತೋರಿಸಿ. ಅಲ್ಯೂಮಿನಿಯಂ ಫ್ರೇಮಿಗೆ ಸಿಕ್ಕಲ್ಲಿ ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ಮೆತ್ತಗಾಗಿ ಮತ್ತೆ ಮುರಿಯಬಹುದು. ಮಳೆಗಾಲ ಮುಗಿದ ಮೇಲೆ ಸುತ್ತಿದ್ದನ್ನು ಬಿಚ್ಚಿ, ಒಳಗೆ ನಿಂತ ನೀರು, ಕೆಸರು ಒರೆಸಿ, ಮತ್ತೆ ಸುತ್ತಿ.

ಟೈರು, ಚೈನು, ಬ್ರೇಕು ಎಲ್ಲವನ್ನೂ ಬದಲಿಸಬಹುದು. ಫ್ರೇಮ್ ಹೋದರೆ ಸೈಕಲ್ಲೇ ಹೋದಂತೆ. ಕೆಲಸ ಸಿಗುವವರೆಗೆ ಬಸ್ ಚಾರ್ಜ್ ಉಳಿಸುತ್ತಾ ನಮ್ಮನ್ನು ಹೊತ್ತು ತಿರುಗುವ ಗೆಳೆಯನಿಗೆ ಬಿಡುವಿನ ಅರ್ಧ ಗಂಟೆ, ಒಂದು ಹಳೇ ಟ್ಯೂಬ್ ದೊಡ್ಡದೇನಲ್ಲ.