ಹೊಗೆಗೂಡಿನ ಪಾಲನೆ: ಒಂದು ಐತಿಹಾಸಿಕ ವಿವೇಚನೆ

ಸೌದೆಯ ಒಲೆಗೆ ಎರಡು ಅಂಗಗಳುಂಟು. ಬೆಂಕಿ ಉರಿಯುವ ಗೂಡು ಒಂದು. ಹೊಗೆಯನ್ನು ಮನೆಯಿಂದ ಹೊರಕ್ಕೆ ಒಯ್ಯುವ ಹೊಗೆಗೂಡು ಇನ್ನೊಂದು. ಮೊದಲನೆಯದರ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಎರಡನೆಯದು ಕೆಟ್ಟಾಗಲಷ್ಟೇ ನೆನಪಿಗೆ ಬರುತ್ತದೆ. ಹೊಗೆಗೂಡು ಮಲಿನವಾಗುವುದು ಹೇಗೆ, ಅದನ್ನು ಶುಚಿಯಾಗಿಡುವ ಹೊಣೆಯನ್ನು ಸಮಾಜವು ಯಾರ ಮೇಲೆ ಹೊರಿಸಿತು ಎಂಬ ಎರಡು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುವೆವು. ಮೊದಲ ಪ್ರಶ್ನೆ ಭೌತವಿಜ್ಞಾನಕ್ಕೆ ಸೇರಿದ್ದು, ಎರಡನೆಯದು ಇತಿಹಾಸಕ್ಕೆ ಸೇರಿದ್ದು. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಅರಿಯಲಾಗದು.

ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಅದು ಏರಿದಂತೆ ಕೆಳಗಿನಿಂದ ಹೊಸ ಗಾಳಿ ಒಲೆಯ ಬಾಯಿಗೆ ಸೆಳೆಯಲ್ಪಡುತ್ತದೆ. ಈ ಸೆಳೆತವೇ ಹೊಗೆಗೂಡಿನ ಪ್ರಾಣ. ಕೊಳವೆ ಬಿಸಿಯಾಗಿಯೂ ನೇರವಾಗಿಯೂ ಇದ್ದಷ್ಟು ಸೆಳೆತ ಬಲವಾಗಿರುತ್ತದೆ. ಹಸಿಸೌದೆಯನ್ನು ಉರಿಸಿದಾಗ ಶಾಖದ ಗಣನೀಯ ಭಾಗ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಹೊಗೆ ತಣ್ಣಗಾಗಿ ಏರುತ್ತದೆ. ಅದರಲ್ಲಿರುವ ಉರಿಯದೆ ಉಳಿದ ಅನಿಲಗಳು ಕೊಳವೆಯ ಗೋಡೆಯ ಮೇಲೆ ಹನಿಗಟ್ಟಿ, ಮಸಿಯೊಡನೆ ಬೆರೆತು ಕಪ್ಪು ಜಿಗುಟಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಕ್ರಿಯೋಸೋಟ್ ಎಂದು ಹೆಸರು. ಇದು ಸ್ವತಃ ಉರಿಯಬಲ್ಲ ವಸ್ತು. ಪದರವು ದಪ್ಪನಾಗಿರುವಾಗ ಒಲೆಯ ಕಿಡಿಯೊಂದು ತಾಗಿದರೆ ಹೊಗೆಗೂಡೇ ಹೊತ್ತಿಕೊಳ್ಳುತ್ತದೆ. ಕೊಳವೆ ಕಟ್ಟಿಕೊಂಡರೆ ಹೊಗೆ ಮನೆಯೊಳಕ್ಕೆ ಮರಳುತ್ತದೆ. ಅದರೊಡನೆ ಬಣ್ಣವೂ ವಾಸನೆಯೂ ಇಲ್ಲದ, ಪ್ರಾಣಾಂತಕವಾದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ.

ಇನ್ನು ಇತಿಹಾಸಕ್ಕೆ ಬರೋಣ. ಇಂಗ್ಲೆಂಡಿನಲ್ಲಿ 1662ರಲ್ಲಿ ಪ್ರತಿ ಒಲೆಗೂ ವರ್ಷಕ್ಕೆ 2 ಷಿಲಿಂಗುಗಳ ತೆರಿಗೆಯನ್ನು ವಿಧಿಸಲಾಯಿತು. ಈ ತೆರಿಗೆಯ ಪಟ್ಟಿಗಳು ಇಂದು ಸಂಶೋಧಕರಿಗೆ ಅಮೂಲ್ಯ ಆಕರಗಳು. ಆದರೆ ಅಂದಿನ ಜನರಿಗೆ ಅದು ಭಾರವಾಗಿತ್ತು. 1684ರಲ್ಲಿ ಆಕ್ಸ್‌ಫರ್ಡ್ ಸೀಮೆಯ ಚರ್ಚಿಲ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವವಳೊಬ್ಬಳು ತೆರಿಗೆಯನ್ನು ತಪ್ಪಿಸಲೆಂದು ಗೋಡೆಯನ್ನು ಕೊರೆದು, ನೆರೆಮನೆಯ ಹೊಗೆಗೂಡಿಗೆ ತನ್ನ ಒಲೆಯನ್ನು ಜೋಡಿಸಿಕೊಂಡಳೆಂದೂ, ಅದರಿಂದೆದ್ದ ಬೆಂಕಿಯಲ್ಲಿ ಸುಮಾರು 20 ಮನೆಗಳು ಸುಟ್ಟು ನಾಲ್ವರು ಸತ್ತರೆಂದೂ ಹೇಳಲಾಗಿದೆ. ತೆರಿಗೆಯು 1689ರಲ್ಲಿ ರದ್ದಾಯಿತು.

ಸೌದೆಯ ಸ್ಥಾನಕ್ಕೆ ಕಲ್ಲಿದ್ದಲು ಬಂದಂತೆ ಹೊಗೆಗೂಡುಗಳು ಕಿರಿದಾದವು, ಸೊಟ್ಟಾದವು. 9 ಅಂಗುಲ ಅಗಲದ ಕೊಳವೆಗಳೂ ಇದ್ದುವು. ದೊಡ್ಡವರು ನುಗ್ಗಲಾಗದ ಈ ಇಕ್ಕಟ್ಟಿನಲ್ಲಿ ಏರಿ ಮಸಿಯನ್ನು ಕೆರೆಯುವ ಕೆಲಸಕ್ಕೆ ಬಡವರ ಮಕ್ಕಳು ಬಂದರು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರಲ್ಲಿ ಕಾಣಿಸಿಕೊಳ್ಳುತ್ತಿದ್ದ ವೃಷಣಚೀಲದ ಅರ್ಬುದ ರೋಗಕ್ಕೆ ಮಸಿಯೇ ಕಾರಣವೆಂದು ತೋರಿಸಿದನು. ವೃತ್ತಿಯಿಂದ ಅರ್ಬುದ ಉಂಟಾಗುವುದೆಂಬ ಅರಿವಿಗೆ ಇದೇ ಆರಂಭ.

ಶಾಸನಗಳೇನೋ ಬಂದವು. 1788ರ ಶಾಸನ 8 ವರ್ಷಕ್ಕಿಂತ ಕಿರಿಯರನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಬಾರದೆಂದಿತು. 1840ರ ಶಾಸನ 21 ತುಂಬದ ಯಾರೂ ಹೊಗೆಗೂಡನ್ನು ಏರಕೂಡದೆಂದಿತು. 1803ರ ವೇಳೆಗೇ ಜಾರ್ಜ್ ಸ್ಮಾರ್ಟ್ ಎಂಬಾತ ಜೋಡುಕೋಲುಗಳಿಂದ ಕೂಡಿದ ಕುಂಚದ ಯಂತ್ರವನ್ನು ರಚಿಸಿದ್ದನು. ಉಪಾಯವಿತ್ತು, ಕಾಯಿದೆಯೂ ಇತ್ತು. ಆದರೂ ಮಕ್ಕಳು ಏರುತ್ತಲೇ ಇದ್ದರು. ಏಕೆಂದರೆ ಕಾಯಿದೆಯನ್ನು ಜಾರಿಗೊಳಿಸುವ ಅಧಿಕಾರಿಯೇ ಇರಲಿಲ್ಲ. ಸೊಟ್ಟ ಕೊಳವೆಗಳನ್ನು ಖರ್ಚುಮಾಡಿ ಸರಿಪಡಿಸಲು ಅನೇಕ ಗೃಹಸ್ಥರು ಒಪ್ಪಲಿಲ್ಲ. 1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಸಿಕ್ಕಿ, ಹನ್ನೊಂದು ಹನ್ನೆರಡರ ಪ್ರಾಯದ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಪ್ರಾಣ ಬಿಟ್ಟನು. ಅದೇ ವರ್ಷ ಷಾಫ್ಟ್‌ಸ್ಬರಿ ಪ್ರಭುವಿನ ಪ್ರಯತ್ನದಿಂದ ಬಂದ ಶಾಸನ, ಈ ವೃತ್ತಿಯವರೆಲ್ಲರೂ ಪೋಲೀಸರಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿತು. ನಿಷೇಧಕ್ಕೆ ಮೇಲ್ವಿಚಾರಣೆ ಕೂಡಿದ ಮೇಲೆಯೇ ಆ ಕ್ರೌರ್ಯ ನಿಂತಿತು.

ಈಗ ನಮ್ಮ ನಾಡಿನ ಕಡೆ ತಿರುಗೋಣ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಹೊಗೆ ಹೆಂಚಿನ ಸಂದುಗಳಿಂದಲೂ ಬೆಳಕಿಂಡಿಯಿಂದಲೂ ಹೊರಹೋಗುತ್ತಿತ್ತು. ಜಂತಿಗಳಿಗೆ ಕಟ್ಟಿದ ಇಲ್ಲಣವನ್ನು ಹಬ್ಬದ ಮುನ್ನ ತೆಗೆಯುತ್ತಿದ್ದರು. ಆದರೆ ಅಡುಗೆ ಮಾಡುವವರ ಶ್ವಾಸಕೋಶಕ್ಕೆ ಕಟ್ಟಿದ ಇಲ್ಲಣವನ್ನು ತೆಗೆಯುವ ಹಬ್ಬ ಯಾವುದೂ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಪರಿಹಾರವನ್ನು ಅರಸಿತು. ಮುಚ್ಚಿದ ಬೆಂಕಿಗೂಡು, ಗಾಳಿಯಾಡುವ ಜಾಲರಿ, ಮೂರು ಪಾತ್ರೆಗಳಿಗೆ ಸ್ಥಳ, ಕೊನೆಗೆ ಹೊಗೆಕೊಳವೆ, ಇವು ಅದರ ಲಕ್ಷಣಗಳು. ಭಾರತ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, ಸುಮಾರು ಎರಡು ದಶಕಗಳ ಕಾಲ ನಡೆಸಿ, 3 ಕೋಟಿಗೂ ಮಿಕ್ಕಿ ಒಲೆಗಳನ್ನು ಹಾಕಿಸಿತು.

ಒಲೆ ಹಾಕಿಸುವುದು ಒಂದು ದಿನದ ಕೆಲಸ. ಪಾಲಿಸುವುದು ನಿತ್ಯದ ಕೆಲಸ. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೆಮಾ ಹನ್ನಾ ಇವರು ಒಡಿಶಾದ ಹಳ್ಳಿಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹವಾದುದು. ಹೊಗೆಕೊಳವೆಯುಳ್ಳ ಒಲೆಗಳಿಂದ ಮೊದಲ ವರ್ಷ ಹೊಗೆಯ ಸೇವನೆ ತಗ್ಗಿತು. ಆದರೆ ನಾಲ್ಕು ವರ್ಷಗಳ ಅವಧಿಯನ್ನು ನೋಡಿದಾಗ ಆ ಫಲ ಉಳಿಯಲಿಲ್ಲ. ಜನರು ಅವನ್ನು ಕ್ರಮವಾಗಿ ಬಳಸಲಿಲ್ಲ. ದುರಸ್ತಿ ಮತ್ತು ಶುಚಿಗಾಗಿ ಸಾಕಷ್ಟು ವೆಚ್ಚಮಾಡಲಿಲ್ಲ. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಹೊಗೆಯನ್ನು ಉಣ್ಣುವವಳು ಗೃಹಿಣಿ. ಹಣ ಹಲವೆಡೆ ಇನ್ನೊಬ್ಬರ ಕೈಯಲ್ಲಿ. ಮಾಡನ್ನು ಹತ್ತಿ ಕೊಳವೆಯನ್ನು ಗುಡಿಸುವವರು ಯಾರೆಂಬುದು ಅನಿಶ್ಚಿತ. ಇಂಗ್ಲೆಂಡಿನಲ್ಲಿ ಹೊಣೆ ಅಬಲರ ತಲೆಯ ಮೇಲೆ ಬಿತ್ತು. ಇಲ್ಲಿ ಅದು ಯಾರ ತಲೆಯ ಮೇಲೂ ಇರಲಿಲ್ಲ. ಎರಡರ ಕಷ್ಟವನ್ನೂ ಅನುಭವಿಸಿದವರು ದನಿಯಿಲ್ಲದವರೇ.

ಆದಕಾರಣ ಪಾಲನೆಯ ನಿಯಮಗಳನ್ನು ಇಲ್ಲಿ ಸಂಗ್ರಹಿಸಿ ಹೇಳುವುದು ಅಪ್ರಸ್ತುತವಾಗದು. ಸೌದೆಯನ್ನು ಸೀಳಿ, ಮಳೆ ತಾಗದಂತೆ ಒಟ್ಟಿ, ಆರು ತಿಂಗಳಿಗೆ ಕಡಮೆಯಿಲ್ಲದಂತೆ ಒಣಗಿಸಬೇಕು; ತೇವಾಂಶ ನೂರಕ್ಕೆ 20ನ್ನು ಮೀರಬಾರದು. ಬೆಂಕಿಯನ್ನು ಮುಸುಕಿ ಹೊಗೆಯಾಡಿಸುವುದಕ್ಕಿಂತ ಸಣ್ಣದಾಗಿ ಚೆನ್ನಾಗಿ ಉರಿಸುವುದು ಮೇಲು. ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ನಿತ್ಯದ ಅಡುಗೆಯ ಒಲೆಯಾದರೆ ಇನ್ನೂ ಬೇಗ. ಒಳಗಿನ ಪದರ ಸುಮಾರು 3 ಮಿಲಿಮೀಟರು ದಪ್ಪವಾಗುವ ಮೊದಲೇ, ಒಲೆ ಪೂರ್ತಿ ಆರಿದ ಮೇಲೆ, ಗುಡಿಸಬೇಕು. ಕಲ್ನಾರು ಸಿಮೆಂಟಿನ ಹಳೆಯ ಕೊಳವೆಯನ್ನು ಕೆರೆಯಬಾರದು, ಅದರ ಧೂಳು ಮಾರಕ. ಅಂಥದನ್ನು ಬದಲಿಸುವುದೇ ಲೇಸು. ಬೂದಿಯನ್ನು ಮುಚ್ಚಳವುಳ್ಳ ಲೋಹದ ಪಾತ್ರೆಯಲ್ಲಿ ಹಾಕಿ ಮನೆಯ ಹೊರಗಿಡಬೇಕು. ಅದರೊಳಗಿನ ಕೆಂಡ ದಿನಗಟ್ಟಲೆ ಜೀವದಿಂದಿರಬಲ್ಲದು. ಹೊಗೆಗೂಡಿನೊಳಗೆ ಬೆಂಕಿಯ ಮೊರೆತ ಕೇಳಿದರೆ ಗಾಳಿಯ ಬಾಯಿಯನ್ನು ಮುಚ್ಚಿ, ಮನೆಮಂದಿಯೆಲ್ಲ ಹೊರಬಂದು, ಅಗ್ನಿಶಾಮಕ ದಳವನ್ನು ಕರೆಯಬೇಕು. ಕಾದ ಕೊಳವೆಗೆ ನೀರೆರಚಿದರೆ ಅದು ಬಿರಿಯುವುದು. ಮತ್ತೆ ಪರೀಕ್ಷಿಸುವವರೆಗೆ ಆ ಒಲೆಯನ್ನು ಹಚ್ಚಬಾರದು.

ಉಪಕರಣಗಳ ಇತಿಹಾಸವನ್ನು ಬರೆಯುವಾಗ ನಾವು ಅವುಗಳ ನಿರ್ಮಾಪಕರನ್ನು ಹೆಸರಿಸುತ್ತೇವೆ, ನಿರ್ಮಾಣದ ವರ್ಷವನ್ನು ಗುರುತಿಸುತ್ತೇವೆ. ಅವನ್ನು ಗುಡಿಸಿ, ಒರೆಸಿ, ದುರಸ್ತಿಮಾಡಿ ಉಳಿಸಿದವರ ಹೆಸರು ದಾಖಲೆಗಳಲ್ಲಿ ವಿರಳ. ಜಾರ್ಜ್ ಬ್ರೂಸ್ಟರನ ಹೆಸರೂ ನಮಗೆ ತಿಳಿದುಬಂದದ್ದು ಅವನ ಸಾವಿನಿಂದ. ನಮ್ಮ ಜಿಲ್ಲೆಗಳಲ್ಲಿ ಸುಧಾರಿತ ಒಲೆಗಳನ್ನು ಬಳಸಿದ, ಬಿಟ್ಟ, ಮತ್ತೆ ಹಾಕಿಸಿಕೊಂಡ ಗೃಹಿಣಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ವಿದ್ಯಾರ್ಥಿಗಳು ಅವರ ಮಾತುಗಳನ್ನು ಕೇಳಿ ಬರೆದಿಡುವುದಾದರೆ, ಅದು ಇತಿಹಾಸಕ್ಕೆ ಸಲ್ಲುವ ನಿಜವಾದ ಸೇವೆಯಾದೀತು.